‘ಒಪ್ಪಿಗೆ’ ಎಂದಾಗ ತಿದ್ದುವ ಹಕ್ಕೂ ಅದರಲ್ಲಿ ಸೇರುತ್ತದೆಯೇ?

ಮಾನ್ಯರೇ,

ಜಾಹೀರಾತು ಬರವಣಿಗೆ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಸಿದ್ಧವಾದ ಜಾಹೀರಾತಿಗೆ ಅದನ್ನು ಮಾಡಿಸಿದವರು ಕೊಡುವ ಸಮ್ಮತಿ, ಅಂದರೆ ‘ಅಪ್ರೂವಲ್’, ಎಂಬ ಪದದ ಬಳಿ ಬಂದು ಕೆಲಸ ನಿಂತಿದೆ.

1960ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ ಕಾರುಗಳನ್ನು ಬಾಡಿಗೆಗೆ ಕೊಡುವ ಏವಿಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಟೌನ್ಸೆಂಡ್ ಅವರು ತಮ್ಮ ಜಾಹೀರಾತು ಏಜೆನ್ಸಿಯಾದ ಡಾಯ್ಲ್ ಡೇನ್ ಬರ್ನ್‌ಬಾಕ್‌ನೊಡನೆ ಒಂದು ನಿಯಮ ಮಾಡಿಕೊಂಡರು. ಏಜೆನ್ಸಿಯು ತನಗೆ ನಿಜವಾಗಿಯೂ ಸರಿಯೆನಿಸಿದ ಜಾಹೀರಾತನ್ನಷ್ಟೇ ತಂದು ತೋರಿಸಬೇಕು. ಏವಿಸ್ ಅದನ್ನು ‘ಅಪ್ರೂವ್’ ಮಾಡಬಹುದು ಅಥವಾ ಬೇಡವೆನ್ನಬಹುದು, ಆದರೆ ‘ಇಂಪ್ರೂವ್’ ಮಾಡಲು, ಎಂದರೆ ತಿದ್ದಿ ಚೆನ್ನಾಗಿಸಲು, ಹೋಗಕೂಡದು. ತಾವು ಎರಡನೆಯ ಸ್ಥಾನದಲ್ಲಿದ್ದೇವೆಂದು ತಾವೇ ಒಪ್ಪಿಕೊಂಡು ಹೇಳಿದ ಆ ಪ್ರಸಿದ್ಧ ಜಾಹೀರಾತುಗಳು ಹೊರಬಂದದ್ದು ಈ ಏರ್ಪಾಡಿನಲ್ಲಿಯೇ. ನಮ್ಮಲ್ಲಿ 1966ರಲ್ಲಿ ಆರಂಭವಾದ ಅಮುಲ್ ಬೆಣ್ಣೆಯ ಹುಡುಗಿಯ ಫಲಕಗಳಿಗೆ, ಅಮುಲ್ ಅನ್ನು ಮುನ್ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಜೆನ್ಸಿಯು ಮುಂಚಿತವಾಗಿ ತೋರಿಸಬೇಕೆಂಬ ಕಟ್ಟಳೆಯನ್ನೇ ಬಿಟ್ಟುಕೊಟ್ಟಿದ್ದರು.

ಈ ನಿಯಮವನ್ನು ಕನ್ನಡದಲ್ಲಿ ಹೇಳುವುದು ಹೇಗೆ? ‘ಮಂಜೂರಾತಿ’ ಎಂದರೆ ರಜೆ, ಸಾಲ, ಅನುದಾನಗಳು ನೆನಪಾಗುತ್ತವೆ. ‘ಅನುಮೋದನೆ’ ಎಂಬುದಕ್ಕೆ ನಮ್ಮ ಸಭೆಗಳಲ್ಲಿ, ಒಬ್ಬರು ಸೂಚಿಸಿದ್ದನ್ನು ಇನ್ನೊಬ್ಬರು ಬೆಂಬಲಿಸುವುದು ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಮಸೂದೆಗೆ ರಾಜ್ಯಪಾಲರು ಹಾಕುವ ‘ಅಂಕಿತ’ ನನಗೆ ಬಹಳ ಹಿಡಿಸಿತ್ತು, ಏಕೆಂದರೆ ಅವರು ಮಸೂದೆಯನ್ನು ಹಿಂದಕ್ಕೆ ಕಳುಹಿಸಬಹುದೇ ಹೊರತು ಅದರ ಒಂದು ಪದವನ್ನೂ ತಾವೇ ಬದಲಿಸುವಂತಿಲ್ಲ. ಆದರೆ ವಚನ, ಕೀರ್ತನೆಗಳಲ್ಲಿ ಅಂಕಿತವು ರಚಿಸಿದವರ ಗುರುತು. ಜಾಹೀರಾತುದಾರರ ಅಂಕಿತವೆಂದರೆ ಬರಹವೇ ಅವರದೆಂಬ ಭಾವನೆ ಬಂದೀತು.

ಉಳಿದದ್ದು ‘ಒಪ್ಪಿಗೆ’. ನನ್ನ ತೊಡಕು ಇರುವುದು ಇಲ್ಲಿಯೇ. ‘ಒಪ್ಪು’ ಎಂದರೆ ಸಮ್ಮತಿಸು. ಚೆನ್ನಾಗಿ ಹೊಂದು, ಶೋಭಿಸು ಎಂದೂ ಹೌದು. ವಿಜಯನಗರ ಕಾಲದ ಶಾಸನಗಳ ಕೊನೆಯಲ್ಲಿ ಕಾಣುವ ‘ಒಪ್ಪ’ವು ಸಹಿ, ಒಡವೆಗೆ ಇಡುವ ‘ಒಪ್ಪ’ವಾದರೋ ಹೊಳಪು ಬರುವಂತೆ ಉಜ್ಜುವುದು. ಟೌನ್ಸೆಂಡ್ ಅವರು ಬೇರೆ ಬೇರೆ ಮಾಡಿದ ಎರಡು ಕೆಲಸಗಳು, ಒಪ್ಪುವುದು ಮತ್ತು ಒಪ್ಪವಿಡುವುದು, ಕನ್ನಡದಲ್ಲಿ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಹಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಮರಳಿದ ಒಂದು ಕರಡಚ್ಚಿನ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ‘ಒಪ್ಪಿದೆ’ ಎಂದು ಬರೆದು, ಅದರ ಕೆಳಗೆ ‘ಮೊದಲ ಸಾಲು ಬದಲಿಸಿ’ ಎಂದಿತ್ತು. ಆ ಸಾಲಿಗಾಗಿ ನಾಲ್ಕು ದಿನ ಕುಳಿತಿದ್ದ ನನಗೆ ಆಗ ಬಹಳ ನೋವಾಗಿತ್ತು. ಬರೆದವರು ಆ ಎರಡು ಮಾತುಗಳ ನಡುವೆ ಯಾವ ವಿರೋಧವನ್ನೂ ಕಂಡಿರಲಿಲ್ಲವೆಂದು ಈಗ ತೋರುತ್ತದೆ.

ಸದ್ಯಕ್ಕೆ ‘ಇದ್ದಂತೆ ಒಪ್ಪುವುದು’ ಎಂದು ಬರೆದುಕೊಂಡಿದ್ದೇನೆ. ಅಚ್ಚುಕೂಟ, ನೇಯ್ಗೆ, ಅಕ್ಕಸಾಲಿಕೆಯಂಥ ಕಸುಬುಗಳಲ್ಲಿ ‘ಬೇಕಾದರೆ ತೆಗೆದುಕೊಳ್ಳಿ, ಇಲ್ಲವೇ ಬಿಡಿ, ಕೈ ಮಾತ್ರ ಹಾಕಬೇಡಿ’ ಎಂಬ ಅರ್ಥದ ಒಂದೇ ಪದ ಬಳಕೆಯಲ್ಲಿದ್ದರೆ, ಯಾವ ಊರಿನ ಕಡೆಯದೆಂಬ ವಿವರದೊಡನೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.