ಲೀಟರಿನ ಹರಿವು, ಕೆಜಿಯ ಹರಿವು: ಇವೆರಡಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹಾಲಿನ ಡೈರಿಯೊಂದರ ಆಪರೇಟರ್‌ಗಳಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಮೂರು ಪದಗಳಿಗೆ ನಿಮ್ಮ ಸಹಾಯ ಬೇಕು.

ಪೈಪಿನಲ್ಲಿ ಗಂಟೆಗೆ ಎಷ್ಟು ಲೀಟರ್ ಹರಿಯಿತು ಅನ್ನುವುದು ಒಂದು ಲೆಕ್ಕ. ಎಷ್ಟು ಕೆಜಿ ಹರಿಯಿತು ಅನ್ನುವುದು ಇನ್ನೊಂದು. ಪಠ್ಯಪುಸ್ತಕದ ದಾರಿ ಹಿಡಿದರೆ ಮೊದಲನೆಯದು 'ಗಾತ್ರ ಹರಿವಿನ ದರ', ಎರಡನೆಯದು 'ದ್ರವ್ಯರಾಶಿ ಹರಿವಿನ ದರ'. ಇದನ್ನು ಓದಿದ ಆಪರೇಟರ್ ಒಬ್ಬರು "ಗಾತ್ರ ಅಂದ್ರೆ ಪೈಪಿನ ಸೈಜಾ ಸಾರ್?" ಎಂದು ಕೇಳಿದರು. ಬಳಕೆಯಲ್ಲಿ ಗಾತ್ರ ಅಂದ್ರೆ ಸೈಜೇ ಅಲ್ವಾ?

ಎರಡಕ್ಕೂ ಸುಮ್ನೆ 'ಹರಿವಿನ ಪ್ರಮಾಣ' ಎಂದರೆ ಸಾಲದು. ಮೊದಲ ಕರಡಿನಲ್ಲಿ ನಾನು ಹಾಗೇ ಬರೆದಿದ್ದೆ. ಪೈಪು ತೊಳೆಯುವ ಕಾಸ್ಟಿಕ್ ಸೋಡಾದ ಸಾಲಿನಲ್ಲಿ 'ಹರಿವಿನ ಪ್ರಮಾಣ ಗಂಟೆಗೆ 60' ಎಂದಷ್ಟೇ ಇತ್ತು. ನನ್ನ ಮನಸ್ಸಿನಲ್ಲಿದ್ದದ್ದು ಕೆಜಿ, ಪಂಪಿಗೆ ಸೆಟ್ ಮಾಡಿದ್ದು ಲೀಟರ್. ಶೇ. 50ರ ಕಾಸ್ಟಿಕ್ ಲೀಟರಿಗೆ ಸುಮಾರು 1.52 ಕೆಜಿ ತೂಗುತ್ತದೆ. 60 ಕೆಜಿ ಹೋಗಬೇಕಾದ ಕಡೆ 91 ಕೆಜಿ ಹೋಗುತ್ತಿತ್ತು. ಪುಣ್ಯಕ್ಕೆ ಬೇಗ ಗೊತ್ತಾಯಿತು.

ನಾವು 'ಅಳೆದು ತೂಗಿ' ಅನ್ನುತ್ತೇವಲ್ಲ, ಅದು ನೆನಪಾಯಿತು. ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಿದ್ದರು, ಬೆಲ್ಲವನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು. ಎರಡು ಕೆಲಸಕ್ಕೆ ಎರಡು ಮಾತು ಆಗಲೇ ಇವೆ. ಹಾಗಾದರೆ 'ಅಳತೆಯ ಹರಿವು', 'ತೂಕದ ಹರಿವು' ಅಂದರೆ ಹೇಗೆ? ಭೌತಶಾಸ್ತ್ರದಲ್ಲಿ ತೂಕ ಬೇರೆ, ದ್ರವ್ಯರಾಶಿ ಬೇರೆ, ನಿಜ. ಆದರೆ ಪಕ್ಕದಲ್ಲೇ ಕೆಜಿ ಎಂದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಾಯ್ಲರ್‌ನವರು ಹೇಗೂ 'ಗಂಟೆಗೆ 2 ಟನ್ ಹಬೆ' ಅನ್ನುತ್ತಾರೆ. ಹಬೆಗೆ ಲೀಟರಿನ ಲೆಕ್ಕ ನಿಲ್ಲುವುದೂ ಇಲ್ಲ: ಸಾಮಾನ್ಯ ಒತ್ತಡದಲ್ಲಿ 1 ಕೆಜಿ ಹಬೆ ಸುಮಾರು 1,670 ಲೀಟರ್ ಜಾಗ ತುಂಬುತ್ತದೆ, ಒತ್ತಡ ಹತ್ತು ಪಟ್ಟಾದರೆ ಇನ್ನೂರು ಲೀಟರಿನೊಳಗೇ ಇರುತ್ತದೆ. ನನಗೆ ಅನುಮಾನ ಇರುವುದು 'ಅಳತೆ'ಯ ಮೇಲೆ. ಬಟ್ಟೆಗೂ ಅಳತೆ, ಸೈಟಿಗೂ ಅಳತೆ.

ಇನ್ನು 'ಸಾಂದ್ರತೆ', ಅಂದರೆ ಒಂದು ಲೀಟರ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು. ಲೀಟರಿನಿಂದ ಕೆಜಿಗೆ ಬರಲು ಇದು ಬೇಕೇ ಬೇಕು. ಗಂಟೆಗೆ 10,000 ಲೀಟರ್ ಹಾಲು ಹರಿದರೆ, 1.03ರಿಂದ ಗುಣಿಸಿ 10,300 ಕೆಜಿ. 'ಗಟ್ಟಿತನ' ಎನ್ನೋಣ ಅಂದರೆ ಅರ್ಥವೇ ತಿರುಗಿಬಿಡುತ್ತದೆ. ಕೆನೆ ಹಾಲಿಗಿಂತ ಗಟ್ಟಿ, ಆದರೂ ಹಾಲಿನ ಮೇಲೆ ತೇಲುತ್ತದೆ. ಎಣ್ಣೆಯೂ ಅಷ್ಟೇ, ನೋಡಲು ಮಂದ, ನೀರಿಗಿಂತ ಹಗುರ. ಹಾಲು ಹಾಕಿಸಿಕೊಳ್ಳುವವರು ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ನೋಡಿ 'ಡಿಗ್ರಿ 28' ಅನ್ನುತ್ತಾರೆ, ಅಂದರೆ ಸಾಂದ್ರತೆ 1.028. ಆದರೆ ಅದೇ ಕೈಪಿಡಿಯಲ್ಲಿ ಶಾಖಕ್ಕೂ ಡಿಗ್ರಿ ಬರುತ್ತದೆ. ಸದ್ಯಕ್ಕೆ 'ಲೀಟರ್ ತೂಕ' ಎಂದು ಬರೆದಿದ್ದೇನೆ. 'ಹಾಲಿನ ಲೀಟರ್ ತೂಕ 1.03 ಕೆಜಿ' ಎಂದು ಓದಿದವರು ಮತ್ತೆ ಏನೂ ಕೇಳಲಿಲ್ಲ.

ಸಕ್ಕರೆ ಕಾರ್ಖಾನೆ, ಪೇಂಟು, ಎಣ್ಣೆ ಮಿಲ್ಲುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಾ? ಅಲ್ಲಿ ಸಾಂದ್ರತೆಗೆ ಬಾಯಲ್ಲಿ ಏನನ್ನುತ್ತಾರೆ? 'ಅಳತೆಯ ಹರಿವು' ಬದಲು ನೇರವಾಗಿ 'ಲೀಟರ್ ಹರಿವು' ಎಂದು ಬರೆಯಲೇ?