‘ರೇಡಿಯೋ ಹಚ್ಚು’: ಈ ಹಚ್ಚು ದೀಪದ್ದೋ, ಬೇರೆಯದೋ?

ಗೆಳೆಯರೇ,

ನಮ್ಮ ಕೊಪ್ಪಳದ ಕಡೆ ರೇಡಿಯೋ ‘ಹಚ್ಚುತ್ತಾರೆ’. “ವಾರ್ತಾ ಟೈಮ್ ಆತು, ರೇಡಿಯೋ ಹಚ್ಚು” ಅಂತ ಕೇಳಿಕೊಂಡೇ ಬೆಳೆದವನು ನಾನು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ರೂಮಿನಲ್ಲಿದ್ದ ಗೆಳೆಯನಿಗೆ “ಸ್ವಲ್ಪ ರೇಡಿಯೋ ಹಚ್ಚೋ” ಅಂದರೆ, “ಏನು, ಈರುಳ್ಳಿ ಥರಾನಾ?” ಅಂತ ನಗುತ್ತಿದ್ದ. ಅವರಿಗೆ ಹಚ್ಚೋದು ಅಂದರೆ ತರಕಾರಿ ಹೆಚ್ಚೋದು. ಆಗ ನಾನೂ ನಕ್ಕು ಬಿಟ್ಟಿದ್ದೆ. ಈಗ ಒಂದು ಹಳೇ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್‌ಗಿಂತ ಮೊದಲಿನದು, ಒಳಗೆ ಬಲ್ಬಿನಂಥ ಗಾಜಿನ ನಳಿಕೆಗಳಿರುತ್ತವೆ, ಅವೇ ವಾಲ್ವ್) ಕೊಂಡ ಮೇಲೆ ಆ ಮಾತು ಮತ್ತೆ ತಲೆಗೆ ಹೊಕ್ಕಿದೆ.

ಕೊಂಡದ್ದು ರಾಯಚೂರಿನ ಒಂದು ಗುಜರಿ ಅಂಗಡಿಯಲ್ಲಿ. ಕೈಕಾಲು ಮುರಿದ ಹೊಲಿಗೆ ಮಷಿನ್‌ಗಳ ಪಕ್ಕದಲ್ಲಿ ಮರದ ಪೆಟ್ಟಿಗೆ ಕೂತಿತ್ತು. ಮುಂದೆ ಬಟ್ಟೆ, ಗಾಜಿನ ಡಯಲ್ ಮೇಲೆ ಡೆಲ್ಲಿ, ಮದ್ರಾಸ್, ಸಿಲೋನ್ ಅಂತ ಊರುಗಳ ಹೆಸರು, ಕೆಳಗೆ ನಾಲ್ಕು ಗುಬುಟು. ಅಂಗಡಿಯವರು “ಚಾಲೂ ಅದ ರೀ, ಒಯ್ರಿ” ಅಂದರು. ವೈರು ಚುಚ್ಚಿ ತೋರಿಸಿದರು. ಡಯಲ್ ಹಿಂದಿನ ಬಲ್ಬು ಹತ್ತಿತು. ದನಿ ಮಾತ್ರ ಇಲ್ಲ. ನಾನು ರಾಗ ಎಳೆದೆ. “ಲೈಟ್ ಹತ್ತ್ಯದಲ್ಲರೀ, ಚಾಲೂ ಇಲ್ಲಂದ್ರ ಹ್ಯಾಂಗ ಹತ್ತತದ?” ಅಂದರು. ವಾದ ಮಾಡಲು ಬರಲಿಲ್ಲ. 2,800 ರೂಪಾಯಿ ಕೊಟ್ಟು ಹೊತ್ತುಕೊಂಡು ಬಂದೆ. ರಾಯಚೂರಿನಲ್ಲಿ ‘ಚಾಲೂ’ ಅನ್ನುವ ಮಾತಿಗೆ ಎಷ್ಟು ಅರ್ಥ ಇದೆ ಅನ್ನೋದು ಬೇರೆ ದಿನದ ಚರ್ಚೆ.

ರಿಪೇರಿಗೆ ಬಳ್ಳಾರಿಗೆ ಹೋಗಬೇಕಾಯಿತು. ಕೌಲ್ ಬಜಾರಿನ ಕಡೆ ಒಬ್ಬ ಹಿರಿಯರಿದ್ದಾರೆ. ಮನೆಮಾತು ತೆಲುಗು, ಗಿರಾಕಿಗಳ ಜೊತೆ ಕನ್ನಡ, ಬಯ್ಯೋದು ಎರಡರಲ್ಲೂ. ಪೆಟ್ಟಿಗೆಯ ಹಿಂದಿನ ರಟ್ಟು ಬಿಚ್ಚಿದವರೇ ಮೊದಲು ನನ್ನನ್ನು ಬಯ್ದರು. ವರ್ಷಗಟ್ಟಲೆ ಮೂಲೆಗೆ ಬಿದ್ದ ಸೆಟ್ಟನ್ನು ನೇರ ಕರೆಂಟಿಗೆ ಚುಚ್ಚಬಾರದಂತೆ. ಒಳಗಿನ ಫಿಲ್ಟರ್ ಕಂಡೆನ್ಸರ್ (ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಒಣಗಿರುತ್ತವೆ, ಕಾಗದದ ಕಂಡೆನ್ಸರ್‌ಗಳು ‘ಸೋರುತ್ತಿರುತ್ತವೆ’. ಇಲ್ಲಿ ಸೋರೋದು ಎಣ್ಣೆಯಲ್ಲ, ಕರೆಂಟು. ಹಾಗೆ ಸೋರಿದ ಕರೆಂಟು ಕೊನೆಯ ವಾಲ್ವಿನ ಗ್ರಿಡ್‌ಗೆ (ಒಳಗಿನ ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಜಾಲರಿ) ಹೋಗಿ ಕೂತರೆ ಆ ವಾಲ್ವಿನೊಳಗಿನ ಲೋಹದ ಪ್ಲೇಟು ಕೆಂಪಗೆ ಕಾದು, ವಾಲ್ವ್ ಹೋಗೇ ಹೋಗುತ್ತದೆ. “ಅದು ಹತ್ತೂದಲ್ರೀ, ಸುಡೂದು” ಅಂದರು. ನೋಡಿ, ಅಲ್ಲೇ ನನ್ನ ಕಿವಿ ನೆಟ್ಟಗಾಯಿತು.

ಎರಡು ವಾರ ಬಿಟ್ಟು ಹೋದಾಗ ಕಂಡೆನ್ಸರ್‌ಗಳನ್ನೆಲ್ಲ ಬದಲಿಸಿದ್ದರು. ಡಯಲ್ಲಿನ ದಾರವನ್ನೂ ಹೊಸದಾಗಿ ಸುತ್ತಿದ್ದರು. 100 ವ್ಯಾಟಿನ ಒಂದು ಸಾದಾ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ರೇಡಿಯೋದ ಕರೆಂಟು ಅದರ ಮೂಲಕವೇ ಹಾದು ಬರುವ ಹಾಗೆ, ಇಟ್ಟುಕೊಂಡು, “ಈಗ ಹಚ್ತೀನಿ ನೋಡ್ರಿ” ಅಂತ ಗುಬುಟು ತಿರುವಿದರು. ಟಕ್ ಅಂತು. ಬಲ್ಬು ಒಮ್ಮೆ ಜೋರಾಗಿ ಹತ್ತಿ ಮಂಕಾಯಿತು. ಮಂಕಾದರೆ ಒಳ್ಳೆಯದಂತೆ, ಹಾಗೇ ಉರಿಯುತ್ತಾ ಇದ್ದರೆ ಒಳಗೆ ಶಾರ್ಟ್ ಇದೆ ಅಂತ. ರೇಡಿಯೋ ಮಾತ್ರ ಸುಮ್ಮನಿತ್ತು.

“ಹತ್ತಲಿಲ್ಲಲ್ರೀ?” ಅಂದೆ.

“ಕಾಯ್ಬೇಕ್ರೀ.”

ನಾನು ತಾಳ್ಮೆ ಇರಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ವಾಲ್ವಿನ ಗಾಜಿನ ಹತ್ತಿರ ಬೆರಳು ತಂದು, “ಇದು ಕಾಯ್ಬೇಕು” ಅಂದರು. ಕಾದು ಬಿಸಿಯಾಗಬೇಕಾದದ್ದು ಅದು, ಕಾದು ಕೂರಬೇಕಾದದ್ದು ನಾನು. ನಿಧಾನಕ್ಕೆ ಒಂದೊಂದೇ ವಾಲ್ವಿನ ಬುಡದಲ್ಲಿ ಬೂದಿಯೊಳಗಿನ ಕೆಂಡದ ಬಣ್ಣ ಕಂಡಿತು. ಅರ್ಧ ನಿಮಿಷ ಆಗಿರಬಹುದು, ಗುಂಯ್ ಅನ್ನುವ ಸಣ್ಣ ದನಿ. ಆಮೇಲೆ ಡಯಲ್ ಮೂಲೆಯ ಹಸಿರು ಕಣ್ಣು ತೆರೆಯಿತು. ಸ್ಟೇಷನ್ ಸರಿಯಾಗಿ ಹಿಡಿದಿದೆಯೋ ಇಲ್ಲವೋ ತೋರಿಸುವುದಕ್ಕೇ ಒಂದು ವಾಲ್ವ್ ಅದು, ಅವರೂ ಅದನ್ನು ‘ಕಣ್ಣು’ ಅಂತಲೇ ಕರೆಯುತ್ತಾರೆ. ಮೀಡಿಯಂ ವೇವಿನಲ್ಲಿ ಮುಳ್ಳು 765ರ ಹತ್ತಿರ ಬಂದಾಗ ಧಾರವಾಡ ಮಾತಾಡಿತು.

“ಈಗ ಹತ್ತಿತು” ಅಂದರು ಹಿರಿಯರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆಯಲ್ಲಿ ಒಂದು ಥಿಯರಿ ತಯಾರಾಗಿತ್ತು. ನಮ್ಮವರು ರೇಡಿಯೋ ‘ಹಚ್ಚಿದ್ದು’ ಅದು ದೀಪದ ಹಾಗೆ ಉರಿಯುತ್ತಿತ್ತು ಅಂತಲೇ ಅಲ್ವಾ? ಒಳಗೆ ಕೆಂಡ, ಮುಂದೆ ಬೆಳಕು, ಮುಟ್ಟಿದರೆ ಬಿಸಿ. ಆಮೇಲೆ ಟ್ರಾನ್ಸಿಸ್ಟರ್ ಬಂದು ಬೆಳಕು ಹೋಯಿತು, ಮಾತು ಉಳಿಯಿತು. ಎಷ್ಟು ಚೆನ್ನಾಗಿದೆ! ಇಷ್ಟು ಚೆನ್ನಾಗಿದ್ದದ್ದಕ್ಕೇ ಅನುಮಾನ ಬಂತು. ಪದಗಳ ವಿಷಯದಲ್ಲಿ ಚೆಂದದ ಕತೆಗಳು ಜಾಸ್ತಿ ಸುಳ್ಳೇ ಆಗಿರುತ್ತವೆ.

ಮನೆಗೆ ಬಂದು ಹಚ್ಚುವ ಸಾಮಾನುಗಳನ್ನೆಲ್ಲ ನೆನಪು ಮಾಡಿಕೊಂಡೆ. ನಾವು ದೀಪ ಹಚ್ಚುತ್ತೇವೆ, ಸರಿ. ಗೋಡೆಗೆ ಸುಣ್ಣ ಹಚ್ಚುತ್ತೇವೆ, ರೊಟ್ಟಿಗೆ ಚಟ್ನಿ ಹಚ್ಚುತ್ತೇವೆ. ಹಿತ್ತಲಲ್ಲಿ ಗಿಡ ಹಚ್ಚುತ್ತೇವೆ. ಹುಡುಗನನ್ನು ಸಾಲಿಗೆ ಹಚ್ಚುತ್ತೇವೆ, ಕೆಲಸಕ್ಕೆ ಹಚ್ಚುತ್ತೇವೆ. ಫೋನ್ ಹಚ್ಚುತ್ತೇವೆ, ಫ್ಯಾನ್ ಹಚ್ಚುತ್ತೇವೆ. ಫ್ಯಾನಿನಲ್ಲಿ ಎಲ್ಲಿಯ ಬೆಂಕಿ? ಹಾಗಾದರೆ ಇಲ್ಲಿ ಬೆಂಕಿಯ ಮಾತೇ ಇಲ್ಲ. ಒಂದನ್ನು ಇನ್ನೊಂದಕ್ಕೆ ತಗುಲಿಸೋದು, ಅಂಟಿಸೋದು, ಸುರು ಮಾಡಿಕೊಡೋದು, ಅಷ್ಟೇ. ಹಳಗನ್ನಡದ ‘ಪತ್ತು’ ನಮ್ಮ ‘ಹತ್ತು’ ಆಗಿದೆ, ಅದರ ಅರ್ಥವೇ ಅಂಟು, ತಗುಲು, ಕೂಡು. ತಾನಾಗಿ ತಗುಲಿದರೆ ಹತ್ತಿತು, ನಾವು ತಗುಲಿಸಿದರೆ ಹಚ್ಚಿದೆವು. ಬೆಂಕಿ ಹತ್ತೋದೂ ಕಟ್ಟಿಗೆಗೆ ಬೆಂಕಿ ಅಂಟಿಕೊಳ್ಳೋದೇ ತಾನೇ.

ಇದಕ್ಕೆ ಬಳ್ಳಾರಿಯ ಹಿರಿಯರ ಮನೆಮಾತೇ ಸಾಕ್ಷಿ ಹೇಳುತ್ತದೆ. ತೆಲುಗಿನ ‘ಅಂಟಿಂಚು’ಗೆ ಅಂಟಿಸು ಅಂತಲೂ ಅರ್ಥ, ದೀಪ ಹೊತ್ತಿಸು ಅಂತಲೂ ಅರ್ಥ. ಆದರೆ ತೆಲುಗಿನಲ್ಲಿ ರೇಡಿಯೋವನ್ನು ಅಂಟಿಂಚೋದಿಲ್ಲ. ‘ರೇಡಿಯೋ ಪೆಟ್ಟು’ ಅನ್ನುತ್ತಾರೆ, ಅಂದರೆ ಇಡು. ದೀಪದ ಕ್ರಿಯಾಪದ ಅಲ್ಲಿ ರೇಡಿಯೋಗೆ ಬರಲಿಲ್ಲ, ನಮ್ಮಲ್ಲಿ ಬಂತು. ಯಾಕೆ?

ಇನ್ನೊಂದು ದಿಕ್ಕಿಗೆ ನೋಡಿದರೆ ಉತ್ತರ ಸಿಗುವ ಹಾಗೆ ಕಾಣುತ್ತದೆ. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಸಂತೆಯಲ್ಲಿ, ಕಚೇರಿಯಲ್ಲಿ ಉರ್ದು ಕಿವಿಗೆ ಬೀಳುತ್ತಲೇ ಇತ್ತು. ಉರ್ದುವಿನ ‘ಲಗಾನಾ’ ನೋಡಿ, ಅದರ ಅರ್ಥವೂ ತಗುಲಿಸು ಅಂತಲೇ. ಆಗ್ (ಬೆಂಕಿ) ಲಗಾನಾ, ರಂಗ್ (ಬಣ್ಣ) ಲಗಾನಾ, ಪೇಡ್ (ಗಿಡ) ಲಗಾನಾ, ಫೋನ್ ಲಗಾನಾ, ಕೆಲಸಕ್ಕೆ ಲಗಾನಾ, ರೇಡಿಯೋ ಲಗಾನಾ. ಮರಾಠಿಯ ‘ಲಾವಣೆ’ಯೂ ಹೀಗೇ: ದಿವಾ (ದೀಪ) ಲಾವ, ಝಾಡ (ಗಿಡ) ಲಾವ, ರೇಡಿಯೋ ಲಾವ. ನಮ್ಮ ‘ಹಚ್ಚು’ ಇವುಗಳ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತದೆ. ‘ಹತ್ತು’ ಕೂಡ ಅಷ್ಟೇ. ಉರ್ದುವಿನಲ್ಲಿ ‘ರೋನೇ ಲಗಾ’, ಮರಾಠಿಯಲ್ಲಿ ‘ರಡೂ ಲಾಗಲಾ’, ನಮ್ಮಲ್ಲಿ ‘ಅಳಾಕ ಹತ್ತಿದ’. ನಾವು ದಿನಕ್ಕೆ ನೂರು ಸಲ ‘ಮಾಡಾಕತ್ತೀನಿ, ಹೋಗಾಕತ್ತೀನಿ’ ಅಂತೀವಲ್ಲ, ಆ ‘ಅತ್ತೀನಿ’ಯೊಳಗೆ ಕೂತಿರೋದೂ ಇದೇ ಹತ್ತು. ಯಾರಿಂದ ಯಾರು ಕಲಿತರು ಅನ್ನುವ ಜಗಳ ಇಲ್ಲಿ ಬೇಡ. ಮೂರೂ ಒಂದೇ ಅಂಗಳದಲ್ಲಿ ಆಡಿ ಬೆಳೆದ ಮಾತುಗಳು.

ಅಲ್ಲಿಗೆ ದೀಪದ ಥಿಯರಿ ಸತ್ತಿತು ಅಂದುಕೊಂಡೆ. ಖಾತ್ರಿ ಮಾಡಿಕೊಳ್ಳೋಣ ಅಂತ ನಮ್ಮ ಅವ್ವನಿಗೆ ಫೋನ್ ಹಚ್ಚಿದೆ. ಅವಳ ತವರು ಕುಷ್ಟಗಿ ಕಡೆಯ ಹಳ್ಳಿ. ಊರಿಗೆ ಕರೆಂಟ್ ಬರುವ ಮೊದಲೇ ಅವರ ಮನೆಯಲ್ಲಿ ಬ್ಯಾಟರಿ ಸೆಟ್ ಇತ್ತು. ಬ್ಯಾಟರಿ ಸೆಟ್ಟಿನ ವಾಲ್ವ್‌ಗಳ ಜಾತಿಯೇ ಬೇರೆ. ನನ್ನ ಸೆಟ್ಟಿನಲ್ಲಿರೋದು ಇಸಿಎಚ್ 81, ಇಎಲ್ 84 ಅಂತ ‘ಇ’ಯಿಂದ ಸುರುವಾಗುವ ಹೆಸರಿನವು. ಆ ‘ಇ’ ಅಂದರೆ 6.3 ವೋಲ್ಟಿನ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ), ಕಾಯಲು ಹೊತ್ತು ಬೇಕು, ಬೆಳಕೂ ಕಾಣುತ್ತದೆ. ಬ್ಯಾಟರಿಯವು ಡಿಕೆ 96, ಡಿಎಲ್ 96 ಅಂತ ‘ಡಿ’ಯವು. 1.4 ವೋಲ್ಟಿನ ಕೂದಲೆಳೆಯಂಥ ತಂತಿ. ಹಚ್ಚಿದ ಕೂಡಲೇ ಹತ್ತುತ್ತವೆ, ಹಗಲಲ್ಲಿ ನೋಡಿದರೆ ಬೆಳಕೇ ಕಾಣೋದಿಲ್ಲ. ದೀಪ ಕಾಣದ ಆ ಸೆಟ್ಟಿಗೂ ‘ಹಚ್ಚು’ ಅಂದಿದ್ದರೆ ಲೆಕ್ಕ ಮುಗಿಯಿತು.

“ಯವ್ವಾ, ನಿಮ್ಮ ಅಪ್ಪನ ರೇಡಿಯೋಕ್ಕ ಹಚ್ಚೂದು ಅಂತಿದ್ರೇನು?”

“ಹಚ್ಚೂದಾ. ಮತ್ತೇನಂತಾರ?”

“ಬೆಳಕು ಬರ್ತಿತ್ತೇನು ಅದರಾಗ?”

“ಎಲ್ಲೀ ಬೆಳಕಪಾ. ಮುಳ್ಳು ನೋಡಾಕ ಕಂದೀಲು ಹಿಡೀತಿದ್ವಿ.”

ಗೆದ್ದೆ ಅನ್ನಿಸಿತು. ಸುಮ್ನೆ ಅಲ್ಲಿಗೆ ಬಿಡಬೇಕಿತ್ತು. “ಮತ್ತ ಬಂದ್ ಮಾಡೂದಕ್ಕ?” ಅಂದೆ.

“ಆರಸೂದು. ಬ್ಯಾಟ್ರಿ ತೀರ್ತೈತಿ ಆರಸ್ರೋ ಅಂತ ಅಪ್ಪ ಒದರ್ತಿದ್ದ.”

ಈಗ ಹೇಳಿ. ಹಚ್ಚು ಬರೀ ‘ಲಗಾನಾ’ ಆಗಿದ್ದರೆ ಅದರ ಎದುರು ಮಾತು ‘ಬಂದ್ ಮಾಡು’ ಇಲ್ಲಾ ‘ತಗಿ’ ಆಗಬೇಕು. ಫೋನನ್ನು ಯಾರೂ ಆರಿಸೋದಿಲ್ಲ, ಹಚ್ಚಿದ ಗಿಡವನ್ನೂ ಆರಿಸೋದಿಲ್ಲ. ಆರಿಸೋದು ಬೆಂಕಿಯನ್ನು, ದೀಪವನ್ನು. ಕಂದೀಲು ಹಿಡಿದು ಮುಳ್ಳು ನೋಡಿದ ಮನೆಯಲ್ಲೇ ರೇಡಿಯೋ ಆರಿಸುತ್ತಿದ್ದರು! ‘ಹಚ್ಚು’ ತಗುಲಿಸುವ ಅರ್ಥದಲ್ಲಿ ರೇಡಿಯೋಗೆ ಬಂದು, ಆಮೇಲೆ ಕೇಳುವವರ ಕಿವಿಯಲ್ಲಿ ದೀಪದ ಹಚ್ಚು ಆಗಿ, ಜೊತೆಗೆ ‘ಆರಸು’ವನ್ನೂ ಕರೆದುಕೊಂಡಿತೋ ಏನೋ. ನನ್ನ ಒಲವು ಸದ್ಯ ಹೀಗಿದೆ. ಗಟ್ಟಿಯಾಗಿ ಹೇಳುವ ಧೈರ್ಯ ಇಲ್ಲ.

ಆದ್ದರಿಂದ ನಿಮ್ಮ ನೆನಪು ಬೇಕು. ನಿಮ್ಮ ಮನೆಯ ಹಿರಿಯರು ರೇಡಿಯೋ ‘ಆರಸು’ ಅನ್ನುತ್ತಿದ್ದರೇ? ಅಂದಿದ್ದರೆ ಕರೆಂಟಿನ ಸೆಟ್ಟಿಗೋ, ಬ್ಯಾಟರಿ ಸೆಟ್ಟಿಗೋ, ಟ್ರಾನ್ಸಿಸ್ಟರಿಗೂ ಅನ್ನುತ್ತಿದ್ದರೋ? ಫ್ಯಾನ್ ಆರಿಸುವವರು ಯಾರಾದರೂ ಇದ್ದಾರಾ? ನಮ್ಮಲ್ಲಿ ಫ್ಯಾನ್ ‘ಬಂದ್’. ಬಳ್ಳಾರಿಯ ತೆಲುಗು ಮನೆಗಳವರು, ಸಂಡೂರಿನ ಮರಾಠಿ ಮನೆಗಳವರು ಕನ್ನಡ ಆಡುವಾಗ ಯಾವುದನ್ನು ಬಳಸುತ್ತಾರೆ ಅಂತಲೂ ತಿಳಿಸಿ. ಮೈಸೂರು, ಮಂಗಳೂರು ಕಡೆಯವರೂ ಬರೆಯಿರಿ, ಈರುಳ್ಳಿಯ ಮಾತೊಂದು ಬೇಡ.

ಕೊನೆಗೆ ಒಂದು ಚಿಕ್ಕ ಪ್ರಶ್ನೆ. ‘ವಾಲ್ವ್’ಗೆ ಪಠ್ಯಪುಸ್ತಕದ ‘ನಿರ್ವಾತ ನಳಿಕೆ’ ಬಿಟ್ಟು ಯಾರಾದರೂ ಬೇರೆ ಮಾತು ಆಡಿದ್ದು ಕೇಳಿದ್ದೀರಾ? ಬಳ್ಳಾರಿಯ ಹಿರಿಯರು ‘ವಾಲು’ ಅನ್ನುತ್ತಾರೆ. ನಮ್ಮ ಓಣಿಗೆ ನಲ್ಲಿ ನೀರು ಬಿಡುವವನು ತಿರುವುವುದೂ ‘ವಾಲು’. 1904ರಲ್ಲಿ ರೇಡಿಯೋ ವಾಲ್ವನ್ನು ಕಂಡುಹಿಡಿದ ಫ್ಲೆಮಿಂಗ್ ಅದಕ್ಕೆ ಆ ಹೆಸರಿಟ್ಟದ್ದೇ ಕರೆಂಟನ್ನು ಒಂದೇ ಕಡೆಗೆ ಹರಿಯಲು ಬಿಡುತ್ತದೆ ಅಂತ. ಹಿರಿಯರಿಗೆ ಇದನ್ನು ಹೇಳಿದೆ. “ಗೊತ್ರೀ, ಅದೂ ವಾಲು, ಇದೂ ವಾಲು” ಅಂದು ಮುಂದಿನ ಗಿರಾಕಿಯ ಮಿಕ್ಸರ್ ಬಿಚ್ಚಲು ಕೂತರು.