ವಯಸ್ಸಾದವರ ಮರೆವು, ನಿಶ್ಶಕ್ತಿ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪ್ರಶ್ನೆ: ಅಮ್ಮನಿಗೆ 68. ಬಿಪಿ, ಶುಗರ್ ಎರಡೂ ಇದೆ. ಈಚೆಗೆ ಕುರ್ಚಿಯಿಂದ ಏಳಲು ಕೈ ಊರುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ದಿನಾ ಸ್ವಲ್ಪ ವಾಕಿಂಗ್ ಇದೆ. ಇನ್ನೇನು ಮಾಡಬಹುದು? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ:
ಮೊದಲು ಡಾಕ್ಟರಿಗೆ ತೋರಿಸಿ. ಬಿ12, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ವಾಕಿಂಗ್ ಒಳ್ಳೆಯದೇ, ಆದರೆ ಅದರಿಂದಲೇ ತೊಡೆಗೆ ಬಲ ಬರುವುದಿಲ್ಲ. ನಮ್ಮಪ್ಪನಿಗೆ ಫಿಸಿಯೋ ಹೇಳಿಕೊಟ್ಟದ್ದು ಇಷ್ಟೇ: ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಈಗ ಮೆಟ್ಟಿಲು ಹತ್ತುವಾಗ ಅವರಿಗೆ ನಮ್ಮ ಕೈ ಬೇಡ.

ಊಟವನ್ನೂ ಗಮನಿಸಿ. ಹಲ್ಲು ಸರಿಯಿಲ್ಲ ಅಂತ ಹಿರಿಯರು ಸುಮ್ನೆ ಅನ್ನ, ತಿಳಿಸಾರಿಗೆ ಇಳಿದುಬಿಡುತ್ತಾರೆ. ಈ ವಯಸ್ಸಿನಲ್ಲಿ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ ತಜ್ಞರು. 55 ಕಿಲೋ ಇದ್ದರೆ 55 ಗ್ರಾಂ ಆದರೂ ಬೇಕಲ್ವಾ? ನಾವು ಮೆತ್ತಗೆ ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ಮೊಟ್ಟೆ ಜಾಸ್ತಿ ಮಾಡಿದೆವು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ಹುಬ್ಬಳ್ಳಿಯಿಂದ:
ಕಿವಿ ಪರೀಕ್ಷೆ ಮಾಡಿಸಿದ್ದೀರಾ? ನಮ್ಮ ಅತ್ತೆಯವರು ಮತ್ತೆ ಮತ್ತೆ ಕೇಳುತ್ತಿದ್ದುದಕ್ಕೆ ಅರ್ಧ ಕಾರಣ ಕಿವಿಯೇ. ಮಷೀನ್ ಹಾಕಿದ ಮೇಲೆ ಮತ್ತೆ ಮಾತಿಗೆ ಕೂರುತ್ತಿದ್ದಾರೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗದ 2024ರ ವರದಿ ಡಿಮೆನ್ಶಿಯಾಗೆ (ಮರೆವಿನ ಕಾಯಿಲೆಗೆ) 14 ಅಪಾಯಕಾರಿ ಅಂಶಗಳನ್ನು ಗುರುತಿಸಿದೆ. ಕಿವಿ, ಕಣ್ಣು, ಬಿಪಿ, ಶುಗರ್, ಒಂಟಿತನ ಎಲ್ಲವೂ ಅದರಲ್ಲಿವೆ.

ಬೆಂಗಳೂರಿನಿಂದ:
ಮೇಲಿನವರು ಹೇಳಿದ್ದನ್ನು ಒಂದೊಂದಾಗಿ ಅಲ್ಲ, ಒಟ್ಟಿಗೇ ಮಾಡಿ. ಫಿನ್ಲೆಂಡಿನಲ್ಲಿ ಮೀಯಾ ಕಿವಿಪೆಲ್ಟೊ ತಂಡ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆಸಿದ 'ಫಿಂಗರ್' ಅಧ್ಯಯನ ಹೀಗೇ ಇತ್ತು: ಅರ್ಧ ಜನರಿಗೆ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ-ಶುಗರ್ ಮೇಲೆ ಕಣ್ಣು, ನಾಲ್ಕೂ ಎರಡು ವರ್ಷ ಜೊತೆಯಲ್ಲಿ. ಉಳಿದವರಿಗೆ ಮಾಮೂಲಿ ಸಲಹೆ. ನಾಲ್ಕನ್ನೂ ಮಾಡಿದವರಲ್ಲಿ ನೆನಪು, ಯೋಚನೆಯ ಪರೀಕ್ಷೆಗಳ ಒಟ್ಟು ಅಂಕ ಹೆಚ್ಚು ಸುಧಾರಿಸಿತು. 2015ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ನಡೆದ ಇಂಥದೇ 'ಪಾಯಿಂಟರ್' ಅಧ್ಯಯನದ ಫಲಿತಾಂಶ 2025ರಲ್ಲಿ ಬಂತು. ಅಲ್ಲಿ ತಾವಾಗಿ ಮಾಡಿಕೊಂಡವರೂ ಸುಧಾರಿಸಿದರು, ಗುಂಪಿನಲ್ಲಿ ಕ್ರಮವಾಗಿ ಮಾಡಿದವರು ಇನ್ನಷ್ಟು.

ಅದಕ್ಕೇ ಅಮ್ಮನಿಗೆ ಜೊತೆ ಹುಡುಕಿ. ಭಜನಾ ಮಂಡಳಿ, ಪಾರ್ಕಿನ ಯೋಗ, ಯಾವುದಾದರೂ ಸರಿ. ಮನೆಗೆ ಯಾರೂ ಬರದಿದ್ದರೆ ಸಂಜೆ ನೀವೇ ಚೌಕಾಬಾರ ಹಾಸಿ ಕೂರಿ, ಲೆಕ್ಕ ಅವರೇ ಇಡಲಿ. ಬಿಪಿ ಪುಸ್ತಕದಲ್ಲಿ ಬರೆಯುವುದನ್ನೂ ಅವರಿಗೇ ಬಿಡಿ.